ಮೌಸು ಇಡುವ ಬದಿ

ಮೇಜು ಒರೆಸುವವರಿಗೆ ಮಾತ್ರ ಗೊತ್ತಾಗುವ ಸಂಗತಿಗಳಿರುತ್ತವೆ ನೋಡಿ. ಪಟ್ಟಂನ ನಮ್ಮ ಫ್ಲಾಟಿನಲ್ಲಿ ಮಗಳು ಸುಮತಿಯ ಕಂಪ್ಯೂಟರಿನ ಬಲಗಡೆ, ಮೌಸು ಓಡಾಡುವ ಜಾಗದಲ್ಲಿ, ಮಣಿಕಟ್ಟು ಉಜ್ಜಿ ಉಜ್ಜಿ ಮೇಜಿನ ಬಣ್ಣವೇ ಹೋಗಿತ್ತು. ಬಣ್ಣ ಹೋದರೆ ಹೋಗಲಿ, ಮಣಿಕಟ್ಟೇ ಹೋಗುವ ಹಾಗಾಯಿತು.

ಅವಳು ಕಟ್ಟಡಗಳ ನಕ್ಷೆ ಬರೆಯುವವಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಆ ಗೆರೆಗಳು ಅರ್ಥವಾಗುವುದಿಲ್ಲ; ಚಮಚ ಹಿಡಿಯಲಾಗದೆ ಬಲಗೈ ನಡುಗುವುದು ಅರ್ಥವಾಗುತ್ತದೆ. ನರ ಒತ್ತಿಕೊಂಡಿದೆ, ಆ ಕೈಗೆ ವಿಶ್ರಾಂತಿ ಕೊಡದಿದ್ದರೆ ಕೊಯ್ಯಬೇಕಾದೀತು ಎಂದರು ಉಳ್ಳೂರಿನ ಡಾಕ್ಟರು. ವಿಶ್ರಾಂತಿ ಎಂದರೆ ಕೆಲಸ ಬಿಡುವುದು. ಇವಳು ಊಟ ಬಿಟ್ಟಾಳು, ನಕ್ಷೆ ಬಿಡುವವಳಲ್ಲ.

ಕೈ ನೋಯಿಸದ ಮೌಸು ಕೊಚ್ಚಿಗೆ ಬಂದಿದೆಯೆಂದು ಯಾರೋ ಹೇಳಿದ್ದೇ ತಡ, ಬೆಳಗಿನ ರೈಲು ಹತ್ತಿದೆವು. ಅಲ್ಲಿ ಪಾಲಾರಿವಟ್ಟಂನ ಅಂಗಡಿಯವನು ಒಂದೊಂದಾಗಿ ಮುಂದಿಟ್ಟ. ಒಂದಕ್ಕೆ ಗೂನುಬೆನ್ನು, ನನ್ನ ಹಾಗೆ. ಇನ್ನೊಂದರ ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಕೆಂಪು ಗುಂಡು! ಮೌಸು ಇದ್ದಲ್ಲೇ ಇರುತ್ತದೆ, ಕೈಯೂ ಇದ್ದಲ್ಲೇ. ಬೆರಳಿನಿಂದ ಗುಂಡನ್ನು ಹೊರಳಿಸಿದರೆ ಸ್ಕ್ರೀನಿನಲ್ಲಿ ಬಾಣ ಓಡುತ್ತದೆ. ನನಗೂ ಒಮ್ಮೆ ಕೊಟ್ಟ. ಅಬ್ಬಬ್ಬಾ, ಈ ಮೂಲೆಯಿಂದ ಆ ಮೂಲೆಗೆ ಅಟ್ಟಿದ್ದೇ ಅಟ್ಟಿದ್ದು!

"ಸಾಕಮ್ಮ ಮಾರಾಯ್ತಿ, ಕೈ ನೋವು ನಿನಗೋ ನನಗೋ?" ಎಂದು ಸುಮತಿ ಕಸಿದುಕೊಂಡಳು. ಕಸಿದುಕೊಂಡದ್ದು ಎಡಗೈಯಲ್ಲಿ. ಹೊರಳಿಸಿದ್ದೂ ಎಡಗೈಯಲ್ಲೇ. ಸ್ಕ್ರೀನಿನಲ್ಲಿ ಎಳೆದ ಗೆರೆ ನೆಟ್ಟಗೆ ಬಂತು.

"ಚೇಚಿಗೆ ಎಡಗೈ ರೂಢಿಯೋ?" ಎಂದ ಅಂಗಡಿಯವನು, ಸುಮತಿಯನ್ನು ಅಕ್ಕನೆಂದು ಕರೆದು.

ಅವಳು ಸಿಕ್ಕಿಬಿದ್ದ ಕಳ್ಳಿಯಂತೆ ಕೈ ಹಿಂದೆಳೆದು ನನ್ನ ಮುಖ ನೋಡಿದಳು. ನಲವತ್ತರ ಹೆಂಗಸು!

ಹುಟ್ಟಾ ಎಡಚಿ ಅವಳು. ಊಟಕ್ಕೂ ಬಳಪಕ್ಕೂ ಎಡಗೈ ಮುಂದೆ ಬಂದಾಗಲೆಲ್ಲ ಸೌಟಿನಿಂದ ಬಾರಿಸಿ ಬಲಗೈಗೆ ತಿರುಗಿಸಿದವಳು ನಾನು, ಆಗ ನಾವಿದ್ದ ಕಾಸರಗೋಡಿನಲ್ಲಿ ನಾಲ್ಕು ಜನ ಆಡಿಕೊಳ್ಳಬಾರದೆಂದು. ಆ ನಾಲ್ಕು ಜನ ಈಗ ಎಲ್ಲಿದ್ದಾರೋ. ಕೊಯ್ಯಿಸಿಕೊಳ್ಳಬೇಕಾದ ಕೈ ಮಾತ್ರ ನನ್ನೆದುರಿಗೇ ಇತ್ತು.

"ಎಂತ ನೋಡುವುದು? ಸೌಟು ತಂದಿಲ್ಲ ನಾನು. ಎಡಗೈಯಲ್ಲೇ ಮಾಡು," ಎಂದೆ.

"ಊಟವನ್ನೂ?"

"ಅದು ಆಮೇಲೆ. ಮೊದಲು ನಕ್ಷೆ."

ಎರಡು ತಿಂಗಳಾಯಿತು, ಡಾಕ್ಟರು ಕೊಯ್ಯುವ ಮಾತೆತ್ತುತ್ತಿಲ್ಲ. ಮೇಜು ಒರೆಸುವುದು ಈಗಲೂ ನಾನೇ. ಗುಂಡಿನ ಮೌಸನ್ನು ಎತ್ತಿ, ಒರೆಸಿ, ಅಭ್ಯಾಸಬಲದಿಂದ ಬಲಗಡೆಗೇ ಇಟ್ಟುಬಿಡುತ್ತೇನೆ. ಎರಡು ಹೆಜ್ಜೆ ಹೋದವಳು ಹಿಂತಿರುಗಿ ಎಡಕ್ಕೆ ಸರಿಸುತ್ತೇನೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದರೆ, ಎಡಗೈಯಿಂದ ಗುಂಡನ್ನು ಎರಡು ಸುತ್ತು ಹೊರಳಿಸಿಯೇ ಅಡುಗೆಮನೆಗೆ ಹೋಗುವುದು.