ಸೋಮವಾರದ ಓದು

‘ಸೋಮಾರಿ’ ಎಂಬ ಮಾತಿಗೆ ನನ್ನ ಕೋಣೆಯೊಳಗೆ ಪ್ರವೇಶವಿಲ್ಲ. ಜಯನಗರದ ಒಂದು ಶಾಲೆಯಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ಓದು ಬರಹ ತೊಡಕಾಗುವ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಮಗುವನ್ನು ನನ್ನಲ್ಲಿಗೆ ಕಳಿಸುವವರು ಮೊದಲು ಆಡುವುದು ಇದೇ ಮಾತು, ನಾನು ಮೊದಲು ಸಿಡುಕುವುದೂ ಇದಕ್ಕೇ. ಇಷ್ಟು ವರ್ಷಗಳಲ್ಲಿ ನನ್ನ ಹತ್ತಿರ ಒಂದೂ ಸೋಮಾರಿ ಮಗು ಬಂದಿಲ್ಲ. ಬಂದವರೆಲ್ಲ ಪ್ರಯತ್ನಪಟ್ಟು ಪಟ್ಟು ಸೋತು ಸುಣ್ಣವಾದವರು.

ಹತ್ತನೇ ತರಗತಿಯ ಆ ಹುಡುಗಿಯನ್ನು ಕರೆತಂದ ವಿಜ್ಞಾನದ ಮೇಡಂ ಕೂಡ ಅದನ್ನೇ ಹೇಳಿದರು. “ಮಾತು ಕೇಳಿ, ಅರಳು ಹುರಿದ ಹಾಗೆ. ಪರೀಕ್ಷೇಲಿ ಮಾತ್ರ ಖಾಲಿ ಪೇಪರ್ ಕೊಟ್ಟು ಬರ್ತಾಳೆ. ಸೋಮಾರಿ.”

ಸಮಾಜದ ಪಾಠವೊಂದನ್ನು ತೆಗೆದು ಓದು ಅಂದೆ. ಎಲ್ಲೂ ತಡವರಿಸದೆ ಓದಿದಳು. ಇವಳನ್ನು ಯಾಕೆ ಕಳಿಸಿದರಪ್ಪ ಅಂದುಕೊಳ್ಳುವಷ್ಟರಲ್ಲಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಪುಟ ಮುಗಿದಿತ್ತು, ಅವಳು ಹಾಳೆ ತಿರುಗಿಸಿರಲಿಲ್ಲ, ಆದರೆ ಮುಂದಿನ ಪುಟದ ವಾಕ್ಯ ಆಗಲೇ ಅವಳ ಬಾಯಲ್ಲಿತ್ತು. ನಾನು ಪುಸ್ತಕ ಮುಚ್ಚಿದೆ. ಅವಳೂ ಬಾಯಿ ಮುಚ್ಚಿದಳು.

“ಮನೇಲಿ ಯಾರು ಓದಿ ಹೇಳ್ತಾರೆ?”

“ಅಮ್ಮ,” ಅಂದಳು, ನೆಲ ನೋಡುತ್ತಾ. “ಅಡುಗೆ ಮಾಡ್ತಾ ಮಾಡ್ತಾ ಎಲ್ಲಾ ಪಾಠ ಓದ್ತಾರೆ. ಅಪ್ಪಂಗೆ ಗೊತ್ತಿಲ್ಲ ಮೇಡಂ.”

ನನಗೆ ಅಯ್ಯೋ ಅನಿಸಲಿಲ್ಲ, ಹೊಟ್ಟೆಕಿಚ್ಚಾಯಿತು. ಅಂಗಡಿಗೆ ಹೋದರೆ ಬೇಳೆ ತರಬೇಕೋ ಬೆಲ್ಲ ತರಬೇಕೋ ಮರೆಯುವವಳು ನಾನು. ಇವಳು ಇಡೀ ಪಠ್ಯಪುಸ್ತಕವನ್ನೇ ಕಿವಿಯಲ್ಲಿ ತುಂಬಿಕೊಂಡಿದ್ದಳು.

ಪರೀಕ್ಷಿಸಿದ ತಜ್ಞರು ಕಲಿಕಾ ನ್ಯೂನತೆ ಎಂದು ಬರೆದುಕೊಟ್ಟರು. ಅಕ್ಷರ ಕಂಡರೆ ಅದರ ಸದ್ದು ಅವಳಿಗೆ ಥಟ್ಟನೆ ಹೊಳೆಯುವುದಿಲ್ಲ, ಒತ್ತಕ್ಷರ ಬಂದರಂತೂ ಮುಗಿಯಿತು. ಬುದ್ಧಿಗೂ ಇದಕ್ಕೂ ಸಂಬಂಧವೇ ಇಲ್ಲ. ಇಂಥ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಉತ್ತರವನ್ನು ಬಾಯಲ್ಲಿ ಹೇಳಬಹುದು, ಕೆಳಗಿನ ತರಗತಿಯ ಒಬ್ಬರು ಪಕ್ಕದಲ್ಲಿ ಕೂತು ಬರೆದುಕೊಡುತ್ತಾರೆ. ಅದಕ್ಕೆ ಅಪ್ಪನ ಒಪ್ಪಿಗೆ ಬೇಕು. ಅದು ಸಿಗದಿದ್ದರೆ ಆ ಹುಡುಗಿ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡೇ ಫೇಲಾಗುತ್ತಿದ್ದಳು.

ಅಪ್ಪನದು ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಅಂಗಡಿ. ನಾನು ಕರೆಸಿದಾಗ ವ್ಯಾಪಾರದ ಹೊತ್ತು ಬಿಟ್ಟು ಶಾಲೆಗೆ ಬಂದಿದ್ದರಿಂದ ಕೂರಲೂ ಇಲ್ಲ.

“ನನ್ನ ಮಗಳಿಗೆ ಓದೋಕೆ ಬರಲ್ವಾ? ಪ್ರತಿ ಸೋಮವಾರ ಪೂಜೆ ಆದ್ಮೇಲೆ ನಮ್ಮನೇಲಿ ಎಲ್ಲಾ ಕೂತು ವಚನ ಓದ್ತೀವಿ ಮೇಡಂ. ಎಲ್ಲರಿಗಿಂತ ಚೆನ್ನಾಗಿ ಓದೋದೇ ಇವಳು. ಬೇರೆಯವರ ಕೈಲಿ ಬರೆಸೋದು ಮೋಸ ಅಲ್ವಾ? ನಾಳೆ ಗಂಡಿನ ಕಡೆಯವರು ಕೇಳಿದ್ರೆ ನಾನೇನ್ ಹೇಳ್ಲಿ?”

“ಗಂಡಿನ ಕಡೆಯವರು ನಿಧಾನಕ್ಕೆ ಬರ್ಲಿ ಸಾರ್. ಪರೀಕ್ಷೆ ಮೊದಲು ಬರ್ತಾ ಇದೆ,” ಅಂದೆ.

ಅವರು ನಗಲಿಲ್ಲ. “ಸೋಮವಾರ ನೀವೇ ಬಂದು ಕೇಳಿ,” ಅಂದರು. ಹೋಗುತ್ತೇನೆಂದು ನಾನೂ ಹಟದಿಂದಲೇ ಹೇಳಿದೆ. ಅಂದು ಮಧ್ಯಾಹ್ನ ಹುಡುಗಿ ಬಂದು, “ಮೇಡಂ, ಅಲ್ಲಿ ನೀವೇನೂ ಮಾತಾಡ್ಬೇಡಿ, ನಾನು ನೋಡ್ಕೋತೀನಿ,” ಅಂದಳು. ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಆದರೂ ಒಪ್ಪಿದೆ.

ಗಿರಿನಗರದ ಆ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿತ್ತು. ಎಲ್ಲರ ಹಣೆಯಲ್ಲೂ ವಿಭೂತಿ. ಒಂದೇ ಪುಸ್ತಕ ಕೈಯಿಂದ ಕೈಗೆ ದಾಟುತ್ತಿತ್ತು, ತಲೆಗೊಂದು ವಚನ. ಅಪ್ಪ ಓದಿ ಪಕ್ಕದಲ್ಲಿದ್ದ ಮಗಳಿಗೆ ಕೊಟ್ಟರು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡಳು, ಒಮ್ಮೆ ನನ್ನತ್ತ ನೋಡಿದಳು, ಮೆಲ್ಲಗೆ ಪುಸ್ತಕವನ್ನು ತಲೆಕೆಳಗು ಮಾಡಿದಳು. ಎದುರಿಗೆ ಕೂತಿದ್ದ ನನಗೆ ಅಕ್ಷರಗಳು ಈಗ ನೆಟ್ಟಗೆ ಕಾಣುತ್ತಿದ್ದವು.

ಸಾಲಿನ ಮೇಲೆ ಬೆರಳಿಟ್ಟು ಶುರುಮಾಡಿದಳು. ಸ್ಪಷ್ಟವಾದ, ತುಂಬಿದ ದನಿ. ಅಜ್ಜಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅಪ್ಪ ‘ಹೇಳಿರಲಿಲ್ಲವೇ’ ಎಂಬಂತೆ ನನ್ನತ್ತ ನೋಡಿ ಮುಗುಳ್ನಕ್ಕರು. ಆಮೇಲೆ ಅವರ ಕಣ್ಣು ಮಗಳ ತೊಡೆಯ ಮೇಲಿದ್ದ ಪುಸ್ತಕದ ಮೇಲೆ ಬಿತ್ತು. ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ತಲೆ ತಗ್ಗಿಸಿದರು.

ಹುಡುಗಿ ವಚನ ಮುಗಿಸಿಯೇ ನಿಲ್ಲಿಸಿದ್ದು. “ಅಪ್ಪ, ನಾನು ಯಾವತ್ತೂ ಓದಿಲ್ಲ. ಅಜ್ಜಿ ಹೇಳೋದು ಕೇಳಿ ಕೇಳಿ ಬಂದಿದ್ದು. ಪುಸ್ತಕ ಹೆಂಗಿದ್ರೂ ನಂಗೆ ಒಂದೇ.”

ಅಜ್ಜಿ ಕಣ್ಣು ತೆರೆದು ಮಗನನ್ನು ಕೇಳಿದರು, “ಯಾಕೋ? ತಪ್ಪು ಹೇಳಿದ್ಲಾ?”

“ಇಲ್ಲವ್ವಾ.”

“ಮತ್ತೆ?”

ಆ ಮುದುಕಿಯನ್ನು ತಬ್ಬಿಕೊಳ್ಳಬೇಕು ಅನಿಸಿತು ನನಗೆ. ಅಪ್ಪ ಮಗಳ ತೊಡೆಯ ಮೇಲಿದ್ದ ಪುಸ್ತಕವನ್ನು ಎತ್ತಿ ನೇರ ಮಾಡಿದರು. ಮರುದಿನ ಶಾಲೆಗೆ ಬಂದು ಸಹಿ ಹಾಕಿದರು.

ಆಮೇಲಿನದು ನನ್ನ ಕೆಲಸ, ಅದನ್ನು ನಾನು ಚೆನ್ನಾಗಿ ಬಲ್ಲೆ. ಹೇಳಿ ಬರೆಸುವುದು ಹರಟೆಯಲ್ಲ. ಬರೆಯಲು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಪ್ಪಿದ್ದಳು. ಅಭ್ಯಾಸಕ್ಕೆ ನಾನೇ ಬರೆಯುವವಳಾಗಿ ಕೂತೆ. ಇವಳು ಉಸಿರು ಬಿಡದೆ ಹೇಳುತ್ತಾ ಹೋದರೆ ಪೆನ್ನು ಕೆಳಗಿಟ್ಟು ಕೈಕಟ್ಟುತ್ತಿದ್ದೆ. ಉತ್ತರವನ್ನು ಮೊದಲು ಮನಸ್ಸಿನಲ್ಲಿ ಜೋಡಿಸಿಕೋ, ಒಂದು ವಾಕ್ಯ ಹೇಳು, ಪೆನ್ನು ನಿಂತ ಮೇಲೆ ಇನ್ನೊಂದು. ಜೊತೆಗೆ ದಿನವೂ ಸ್ವಲ್ಪ ಓದು, ಒತ್ತಕ್ಷರ ಬಿಡಿಸಿ ಬಿಡಿಸಿ. ಬೈದಿದ್ದೇನೆ, ಮುದ್ದೂ ಮಾಡಿದ್ದೇನೆ. ಕನಿಕರ ಮಾತ್ರ ತೋರಿಸಲಿಲ್ಲ.

ವಿಜ್ಞಾನ ಪರೀಕ್ಷೆಯ ದಿನ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಅಪ್ಪನೂ ನಾನೂ ನಿಂತಿದ್ದೆವು. ಅಂಗಡಿ ತೆರೆಯದೆಯೇ ಬಂದಿದ್ದರು ಅವರು. ಗಂಟೆ ಹೊಡೆದ ಮೇಲೆ ಮಕ್ಕಳೆಲ್ಲ ಹೊರಬಂದರು, ಎಲ್ಲರಿಗಿಂತ ಕೊನೆಗೆ ಇವಳು ಬಂದಳು. ಮುಖ ಗಂಟು ಹಾಕಿಕೊಂಡಿದ್ದಳು. ಅಪ್ಪ ದಾಪುಗಾಲು ಹಾಕಿ ಅವಳ ಹತ್ತಿರ ಹೋದರು.

“ಯಾಕಮ್ಮ, ಬರ್ಲಿಲ್ವಾ?”

“ಎಲ್ಲಾ ಬಂತಪ್ಪ. ಪಾಪ, ಬರೆಯೋಳ ಕೈ ಸೋತೋಯ್ತು,” ಅಂದಳು ಹುಡುಗಿ. “ನಂದು ಇನ್ನೂ ಹೇಳೋದಿತ್ತು.”