ನೀರಿನ ಟ್ಯಾಂಕಿನ ಕೆಳಗೆ ಡೋಲು

ಬ್ಯಾಂಕು ನನ್ನ ಗಂಡನನ್ನು ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ವರ್ಗ ಮಾಡಿದ ಮೇಲೆ ಮಗಳನ್ನು ಇಲ್ಲಿನ ಕಿವಿ ಕೇಳದ ಮಕ್ಕಳ ಶಾಲೆಗೆ ಸೇರಿಸಿದೆವು. ಆ ಮಕ್ಕಳೊಂದಿಗೆ ಹಾಡು ಕಟ್ಟಲು ನಾಲ್ಕು ದೇಶಗಳ ಸಂಗೀತಗಾರರು ಬಂದರು. ಲೋಕವನ್ನು ಒಂದು ಮಾಡಲು ಹೊರಟವರು. ಚಹಾಕ್ಕೆ ಹಾಲು ಬೇಕೋ ಬೇಡವೋ ಎಂಬಲ್ಲೇ ಒಮ್ಮತವಿರಲಿಲ್ಲ.

ಬರುವ ದಾರಿಯಲ್ಲಿ ಇಗತಪುರಿ ಘಾಟಿನ ಮಳೆಯಲ್ಲಿ ನೆನೆದಿದ್ದ ಅವರ ದೊಡ್ಡ ಡೋಲು ನಾಸಿಕ್‌ನ ಕಾರ್ಯಕ್ರಮದಲ್ಲಿ ಒದ್ದೆ ಗಾದಿ ಬಡಿದಂತೆ ಸದ್ದು ಮಾಡಿತ್ತಂತೆ. ಇಲ್ಲಿ ಬಿಸಿಲಿತ್ತು. ಡೋಲು ಒಣಗಲೆಂದು ಕಾರ್ಯಕ್ರಮವನ್ನು ಸಭಾಂಗಣದಿಂದ ಅಂಗಳಕ್ಕೆ ತಂದರು. ಅಂಗಳದಲ್ಲಿ ಮಕ್ಕಳು ನಿಲ್ಲಲು ನೆರಳೆಂದರೆ ನೀರಿನ ಟ್ಯಾಂಕಿನ ಕೆಳಗೆ ಮಾತ್ರ. ಟ್ಯಾಂಕಿನ ತಳದಲ್ಲಿ ಹೆಜ್ಜೇನು ಗೂಡು ಕಟ್ಟಿತ್ತು.

"ಜೇನು ಅದಾವಲ್ರಿ," ಎಂದೆ.

ಶಾಲೆಯ ಸಮಿತಿಯಲ್ಲಿದ್ದ ಬೀದರ್ ಕಡೆಯ ಬಟ್ಟೆ ವ್ಯಾಪಾರಿ ನಕ್ಕರು. "ಎರಡು ವರ್ಷ ಆಯ್ತ್ರಿ ಮೇಡಂ, ಯಾರಿಗೂ ಕಡಿದಿಲ್ಲ. ನಮ್ಮ ಕಮಿಟಿಕಿಂತ ಶಾಣ್ಯಾ ಅದಾವ. ನೀವು ಇಂಗ್ಲಿಷ್ ಎಂ.ಎ. ಮಾಡೀರಿ, ಟ್ರಾನ್ಸ್‌ಲೇಟ್ ಮಾಡ್ರಿ."

ಮಾಡಿದೆ. ಕಿವಿ ಕೇಳದವರು ಚಪ್ಪಾಳೆಯ ಬದಲು ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಾರೆ ಎಂದು ಅತಿಥಿಗಳಿಗೆ ಕಲಿಸಿದೆ. ಡೋಲಿನವನು ಬ್ರೆಜಿಲ್‌ನ ಆರಡಿ ಆಸಾಮಿ. ಡೋಲನ್ನು ಟ್ಯಾಂಕಿನ ಕಂಬಕ್ಕೆ ಒರಗಿಸಿ, ಮಕ್ಕಳು ಅದಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚಲಿ, ಆಗ ನಾದ ಮೈಗಿಳಿಯುತ್ತದೆ ಎಂದ. ಹನ್ನೆರಡು ಮಕ್ಕಳಿಗೆ ಅದನ್ನು ಕೈಸನ್ನೆಯಲ್ಲಿ ಹೇಳಿದವಳು ನಾನೇ; ಹೇಳಿ ಪಾಲಕರ ಸಾಲಿಗೆ ಹೋಗಿ ಕೂತೆ. ನನ್ನ ಒಂಬತ್ತು ವರ್ಷದ ಮಗಳು ಎಲ್ಲರಿಗಿಂತ ಬಿಗಿಯಾಗಿ ಕಣ್ಣು ಮುಚ್ಚಿದಳು.

ಬಡಿತ ಕಂಬ ಹತ್ತಿ ಮೇಲೆ ಹೋಯಿತು. ಟ್ಯಾಂಕಿನ ತಳವೇ ಕರಗಿ ಸುರಿದಂತೆ ಜೇನು ಇಳಿಯಿತು.

"ಏ ಪಳಾ! ಓಡ್ರೋ!" ಎಂದು ವ್ಯಾಪಾರಿ ಕೂಗಿ, ತಾವೇ ಮೊದಲು ಓಡಿದರು. ಆ ಕೂಗು ಯಾವ ಮಗುವಿಗೆ ಕೇಳಬೇಕು? ದೂರದಲ್ಲಿ ಕೂತಿದ್ದ ನಾವು ಪಾಲಕರು ಎದ್ದು, ನಿಲ್ಲಿಸು ಎಂದು ಎರಡೂ ಕೈ ಮೇಲೆತ್ತಿ ಬೀಸಿದೆವು. ಡೋಲಿನವನು ನಮ್ಮತ್ತ ನೋಡಿ, ಕಣ್ಣು ತುಂಬಿಕೊಂಡು, ಇನ್ನೂ ಜೋರಾಗಿ ಬಡಿದ.

ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಹಾಲು ಉಕ್ಕುವ ಹೊತ್ತಿನಲ್ಲಿ, ಇವತ್ತಿಗೂ ಮರಳಿ ಬರುವುದು ಆ ಕ್ಷಣವೇ. ಎಂ.ಎ. ಓದಿದ ಬಾಯಿಂದ ಇಂಗ್ಲಿಷಿನ ಒಂದು ಪದ ಹೊರಡಲಿಲ್ಲ. "ಬಾರಸೂದು ಬಿಡಲೇ ಭಾಡ್ಯಾ!" ಎಂದು ಕಿರುಚುತ್ತ ಓಡಿ ಡೋಲಿನ ಮೇಲೆ ಬಿದ್ದೆ. ಬಡಿತ ನಿಂತಿತು. ಅದು ನಿಂತದ್ದಕ್ಕೇ ಮಕ್ಕಳೆಲ್ಲ ಕಣ್ಣು ತೆರೆದರು. ಒಳಗೆ ಎಂದು ಸನ್ನೆ ಮಾಡಿದೆ; ಓಡಿದರು.

ಸಭಾಂಗಣದ ಬಾಗಿಲು ಹಾಕಿ ಎಣಿಸಿದೆ. ಹನ್ನೆರಡೂ ಮಕ್ಕಳಿದ್ದರು. ಮಗಳ ಕಿವಿಯ ಹಿಂದೆ ಎರಡು ಮುಳ್ಳು, ನನ್ನ ಬೆನ್ನಿನಲ್ಲಿ ಹದಿನೇಳು. ಅತಿಥಿಗಳಲ್ಲಿ ಕಹಳೆ ಊದುವವನ ತುಟಿ ಬದನೆಕಾಯಿಯಾಗಿತ್ತು. ನಾನು ಕಿರುಚಿದ್ದೇನು ಎಂದು ಡೋಲಿನವನು ವ್ಯಾಪಾರಿಯನ್ನು ಕೇಳಿದ.

"ಮೇಡಂ ಸೇಯಿಂಗ್, ವೆರಿ ನೈಸ್ ಮ್ಯೂಸಿಕ್," ಎಂದರು ಅವರು.

ಮಗಳು ಮಾತ್ರ, "ಚೆಂದ ನಡೆದಿತ್ತು, ಯಾಕೆ ಕೆಡಿಸಿದಿ?" ಎಂದು ಸನ್ನೆಯಲ್ಲೇ ಬೈದಳು.

ಕಳೆದ ವಾರ ಅಡುಗೆಮನೆಯಲ್ಲಿ ಅವಳು ಸ್ಟೀಲ್ ಡಬ್ಬಿ ಬೋರಲು ಹಾಕಿ, ನನ್ನ ಅಂಗೈ ಅದಕ್ಕೆ ಒತ್ತಿ, ಕಣ್ಣು ಮುಚ್ಚು ಎಂದಳು. ಮುಚ್ಚಿದೆ. ಎರಡನೆಯ ಬಡಿತಕ್ಕೇ ತೆರೆದು ಛಾವಣಿ ನೋಡಿದೆ.

"ಮೋಸ!" ಎಂದು ಸನ್ನೆ ಮಾಡಿ, ನನ್ನ ರೆಪ್ಪೆಗಳನ್ನು ತಾನೇ ಬೆರಳಿನಿಂದ ಮುಚ್ಚಿ, ಮೊದಲಿನಿಂದ ಶುರು ಮಾಡಿದಳು.