ಹಾಜರಿ ಪುಸ್ತಕದಲ್ಲಿ ಹೊಡೆದುಹಾಕಿದ ಹೆಸರು

ಆ ಮೇಷ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರು ತೀರಿಕೊಂಡರೆಂಬ ಸುದ್ದಿ ಬಂದ ದಿನವೂ ಕ್ಷಮಿಸಲಿಲ್ಲ. ಎಂದಿನಂತೆ ಹೊಟ್ಟೆ ತುಂಬ ಉಂಡೆ, ಚೆನ್ನಾಗಿ ನಿದ್ದೆಯನ್ನೂ ಮಾಡಿದೆ.

ಐವತ್ತರ ದಶಕದಲ್ಲಿ ಜಂಗಮಕೋಟೆಯ ಹತ್ತಿರದ ನಮ್ಮೂರಲ್ಲಿ ಬಹಳ ಮನೆಗಳವರು ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ಗೂಡು ಕಟ್ಟುವ ಮುಂಚಿನ ಏಳೆಂಟು ದಿನ ಅವಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿದಷ್ಟೂ ಸಾಲದು. ಮನೆಯವರೆಲ್ಲ ಅದಕ್ಕೇ ನಿಲ್ಲಬೇಕು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ ಆ ದಿನಗಳಲ್ಲಿ ಶಾಲೆಗೆ ಹೋಗುತ್ತಿರಲಿಲ್ಲ. ಮತ್ತೆ ಹೋದ ದಿನ ಮೇಷ್ಟರು ಮೊದಲ ಪ್ರಶ್ನೆಯನ್ನು ಅವಳಿಗೇ ಕೇಳುತ್ತಿದ್ದರು, ಅದೂ ಅವಳಿಲ್ಲದಾಗ ಮಾಡಿದ ಪಾಠದಿಂದಲೇ. ಅಕ್ಕ ಬಾಯಿ ಬಿಡದೆ ನಿಲ್ಲುತ್ತಿದ್ದಳು. ಅವಳು ನಾಲ್ಕನೇ ತರಗತಿಯಲ್ಲಿದ್ದಾಗ ಒಂದು ದಿನ ಅವರು ಹಾಜರಿ ಪುಸ್ತಕ ತೆಗೆದು ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದರು. ಪಕ್ಕದಲ್ಲಿ ‘ಮಂದಬುದ್ಧಿ’ ಎಂದು ಬರೆದು, ಅದನ್ನು ಗಟ್ಟಿಯಾಗಿ ಓದಿದರು. ಎಲ್ಲ ತರಗತಿಗಳಿಗೂ ಒಂದೇ ಕೋಣೆ. ಒಂದನೇ ತರಗತಿಯ ಸಾಲಿನಲ್ಲಿ ಕೂತು ನಾನು ಎಲ್ಲವನ್ನೂ ನೋಡಿದೆ.

ಅಕ್ಕನ ಓದು ಅಲ್ಲಿಗೇ ಮುಗಿಯಿತು. ಅವಳು ಮನೆಯಲ್ಲಿದ್ದು ಸೊಪ್ಪಿನ ಕೆಲಸಕ್ಕೆ ನಿಂತದ್ದರಿಂದ ನಾನು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ, ಜಾಣೆ ಅನ್ನಿಸಿಕೊಂಡೆ. ಆ ಮಾತನ್ನು ಅದೇ ಮೇಷ್ಟರು ಆಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಅರವತ್ತರ ದಶಕದಲ್ಲಿ, ಚಿಕ್ಕಬಳ್ಳಾಪುರದಲ್ಲಿ ನನ್ನ ಓದು ಮುಗಿಯುವ ಹೊತ್ತಿಗೆ, ಮಾನವಶಾಸ್ತ್ರ ಓದಿದ ಒಬ್ಬ ಹೆಂಗಸು ನಮ್ಮ ಕಡೆಗೆ ಬಂದರು. ಹಳ್ಳಿಯ ಮಕ್ಕಳು ಯಾಕೆ ಶಾಲೆ ಬಿಡುತ್ತಾರೆ ಎಂದು ಅವರು ತಿಳಿಯಬೇಕಿತ್ತು. ಕನ್ನಡ ಬಲ್ಲವರೇ, ಆದರೆ ನಮ್ಮ ಮನೆಗಳ ತೆಲುಗು ಬೆರೆತ ಮಾತು ಅವರಿಗೆ ಹತ್ತಲಿಲ್ಲ. ಅರ್ಥ ಹೇಳಲು ಒಬ್ಬಳು ಬೇಕೆಂದರು. ನಾನು ಒಪ್ಪಿಕೊಂಡು ಅವರನ್ನು ನೇರವಾಗಿ ನಮ್ಮೂರಿಗೇ ಕರೆದುಕೊಂಡು ಹೋದೆ. ಶಾಸ್ತ್ರಕ್ಕೆ ಸಹಾಯ ಮಾಡುವ ಉದ್ದೇಶ ನನಗೇನೂ ಇರಲಿಲ್ಲ. ಮೇಷ್ಟರ ಹೆಸರು ಅಚ್ಚಾಗಬೇಕು, ಓದಿದವರೆಲ್ಲ ಅವರಿಗೆ ಛೀಮಾರಿ ಹಾಕಬೇಕು ಎಂಬುದೊಂದೇ ಆಸೆ.

ಆ ಹೆಂಗಸು ಪ್ರಶ್ನೆಗಳ ಹಾಳೆ ಹಂಚುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ತಿಂಗಳು ಶಾಲೆಯ ಕೊನೆಯ ಸಾಲಿನಲ್ಲಿ, ನೆಲದ ಮೇಲೆ, ಮಕ್ಕಳ ಜೊತೆ ಸುಮ್ಮನೆ ಕೂತರು. ಮೇಷ್ಟರು ಯಾರನ್ನು ಕೇಳಿದರು, ಯಾರನ್ನು ನೀರು ತರಲು ಕಳಿಸಿದರು, ಯಾರಿಗೆ ಬೆತ್ತ ಬೀಸಿದರು ಎಲ್ಲವನ್ನೂ ಬರೆದರು. ಆಮೇಲೆ ನಮ್ಮ ಮನೆಗೆ ಬಂದು ಅಕ್ಕನಿಗೆ ಶಿಷ್ಯೆಯಾದರು. ಕಾಲು ತೊಳೆದು ಹುಳದ ಕೋಣೆಗೆ ಬಂದು ಸೊಪ್ಪು ಹೆಚ್ಚುವುದು, ಹುಳದ ಅಡಿಯ ಹಾಸಿಗೆ ಬದಲಿಸುವುದು, ಪೊರೆ ಬಿಡಲು ನಿದ್ದೆಗೆ ಕೂತ ಹುಳ ಯಾವುದೆಂದು ಗುರುತಿಸುವುದು ಕಲಿತರು. ತಪ್ಪಿದಾಗ ಅಕ್ಕ ಬಯ್ಯುತ್ತಿರಲಿಲ್ಲ. ಅವರ ಕೈ ಹಿಡಿದು, “ಹಿಂಗಲ್ಲಮ್ಮ, ಹಿಂಗೆ” ಎಂದು ಇನ್ನೊಂದು ಸಲ ಮಾಡಿಸುತ್ತಿದ್ದಳು. ಅದೂ ನೋಟ್‌ಬುಕ್ಕಿಗೆ ಹೋಯಿತು.

ತಮ್ಮ ಬಗ್ಗೆ ಆಕೆ ಏನು ಬರೆದಿದ್ದಾರೋ ಎಂಬ ಅಳುಕಿನಿಂದ ಒಂದು ಮಧ್ಯಾಹ್ನ ಮೇಷ್ಟರು ನಮ್ಮ ಮನೆಗೇ ಬಂದರು. ಮೂಗಿನ ತುಂಬ ನಶ್ಯ. ಹುಳದ ಕೋಣೆಯ ಬಾಗಿಲಿಗೆ ಅಕ್ಕ ಅಡ್ಡ ನಿಂತಳು.

“ನಶ್ಯ ಹಾಕ್ಕೊಂಡೋರು ಒಳಗೆ ಬರಂಗಿಲ್ಲ ಮೇಷ್ಟ್ರೇ. ಹೊಗೆಸೊಪ್ಪು ಸೋಕಿದ್ರೆ ಹುಳ ಸಾಯ್ತವೆ.”

“ಅಷ್ಟೂ ಗೊತ್ತಿರಲಿಲ್ವೇ ಇವರಿಗೆ?” ಎಂದು ನಾನು ಬೇಕೆಂದೇ ಗಟ್ಟಿಯಾಗಿ ಅಂದೆ. ಮೇಷ್ಟರು ಹಿಂದೆ ಸರಿದು ಅಂಗಳದ ಬಿಸಿಲಿನಲ್ಲಿ ನಿಂತರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಅವರು ಅಕ್ಕನ ಮುಖವನ್ನೇ ನೋಡಿ ಕೇಳಿದರು: “ನೀನು ಯಾರಮ್ಮ? ನಮ್ಮ ಶಾಲೇಲಿ ಓದಿದ್ದೆಯಾ?”

ಅವರಿಗೆ ನೆನಪೇ ಇರಲಿಲ್ಲ. ನಾನು ಹತ್ತಾರು ವರ್ಷ ಹಲ್ಲು ಕಚ್ಚಿಕೊಂಡು ಹೊತ್ತದ್ದು ಅವರಿಗೆ ಒಂದು ಗೆರೆಯೂ ಆಗಿರಲಿಲ್ಲ. ಅಕ್ಕ “ಇಲ್ಲ ಬಿಡಿ” ಎಂದು ಅವರಿಗೆ ನೀರು ತಂದುಕೊಟ್ಟಳು. ಆ ಚೊಂಬನ್ನು ಕಿತ್ತು ಎಸೆಯಬೇಕು ಅನ್ನಿಸಿತ್ತು ನನಗೆ.

ವರ್ಷದ ಮೇಲೆ ವರದಿಯ ಒಂದು ಪ್ರತಿ ಅಂಚೆಯಲ್ಲಿ ಬಂತು. ಇಂಗ್ಲಿಷಿನಲ್ಲಿತ್ತು. ಮಕ್ಕಳು ಮಂದರಲ್ಲ, ಹುಳ ಮೇಯುವ ದಿನಗಳಿಗೂ ಶಾಲೆಯ ಪಾಠಗಳಿಗೂ ಹೊಂದಿಕೆಯಿಲ್ಲ, ಮನೆಯಲ್ಲಿ ಕಲಿಸುವ ಬಗೆಯೇ ಬೇರೆ, ಅದನ್ನು ಶಾಲೆ ಕಣ್ಣೆತ್ತಿಯೂ ನೋಡಿಲ್ಲ ಎಂದೆಲ್ಲ ಅದರಲ್ಲಿತ್ತು. ನನ್ನ ಕಣ್ಣೆದುರೇ ಇದ್ದೂ ನನಗೆ ಹೊಳೆಯದಿದ್ದುದನ್ನು ಆಕೆ ಕೂತು ಕೂತೇ ಕಂಡುಕೊಂಡಿದ್ದರು, ಅದನ್ನು ಒಪ್ಪಲೇಬೇಕು. ಆದರೆ ಊರಿಗೆ ಬೇರೆ ಹೆಸರಿಟ್ಟಿದ್ದರು. ಮೇಷ್ಟರು ಬರೀ ‘ಉಪಾಧ್ಯಾಯರು’ ಆಗಿದ್ದರು. ಶಾಲಾ ಇನ್ಸ್‌ಪೆಕ್ಟರರ ಭಯ, ಒಬ್ಬರೇ ನಾಲ್ಕು ತರಗತಿ ನೋಡುವ ಕಷ್ಟ ಎಂದು ಅವರ ಪರವಾಗಿ ಒಂದು ಪುಟವೂ ಇತ್ತು. ಕಾಗದ ಬರೆದು ಜಗಳವಾಡಿದೆ. ಯಾರ ಹೆಸರನ್ನೂ ಬರೆಯದಿರುವುದು ನಮ್ಮ ನಿಯಮ, ನಾನು ದೂರು ಬರೆಯಲು ಬಂದವಳಲ್ಲ ಎಂದು ಉತ್ತರ ಬಂತು. ನನ್ನ ಸೇಡನ್ನು ಎಷ್ಟು ಮರ್ಯಾದೆಯಿಂದ ಕಸಿದುಕೊಂಡರು!

ವರದಿ ಬಂದ ಸುದ್ದಿ ಕೇಳಿ ಅಕ್ಕ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕೂತಳು.

“ನನ್ನ ಹೆಸರು ಎಲ್ಲೈತೆ ತೋರಿಸೇ.”

ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಅವಳ ಬೆರಳು ಹಿಡಿದು ‘ಒಬ್ಬ ಹುಡುಗಿ’ ಎಂದು ಅರ್ಥ ಬರುವ ಇಂಗ್ಲಿಷ್ ಮಾತಿನ ಮೇಲೆ ಇಟ್ಟೆ. ಅವಳು ಆ ಅಕ್ಷರಗಳ ಉದ್ದಕ್ಕೂ ಬೆರಳು ಎಳೆದಳು.

“ಇಷ್ಟೇನಾ? ಸ್ಲೇಟಲ್ಲಿ ಬರೀತಿದ್ದಾಗ ನನ್ನ ಹೆಸರು ಇನ್ನೂ ಉದ್ದ ಇತ್ತು ಕಣೇ.”

ನಾನು ಎದ್ದು ಹೋಗಿ ಕೆಂಪು ಶಾಯಿ ತಂದೆ. ಆ ಪುಟದ ಅಂಚಿನಲ್ಲಿ ಅಕ್ಕನ ಹೆಸರನ್ನು ಕನ್ನಡದಲ್ಲಿ, ದೊಡ್ಡದಾಗಿ, ಪೂರ್ತಿ ಬರೆದೆ. ಅದರ ಕೆಳಗೆ ಮೇಷ್ಟರ ಹೆಸರು ಬರೆದು ಅದರ ಮೇಲೆ ಗೆರೆ ಎಳೆದೆ. ಎರಡನ್ನೂ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ.